ರಿಸ್ಟೋರ್ ಮಾಡಿ ನೋಡದ ಬ್ಯಾಕಪ್

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಡೇಟಾಬೇಸ್ ಬ್ಯಾಕಪ್. ಕುಬರ್ನೆಟೀಸ್, ಅಬ್ಸರ್ವಬಿಲಿಟಿ ಅಂದರೆ ಸಭಾಂಗಣದಲ್ಲಿ ಕುರ್ಚಿ ಸಾಲುವುದಿಲ್ಲ, ಬ್ಯಾಕಪ್ ಅಂದರೆ ಜನ ಕಾಫಿಗೆ ಎದ್ದು ಹೋಗುತ್ತಾರೆ. ಹೋಗದೆ ಕೂತವರಿಗೆ ಮೊದಲೇ ಒಂದು ಪ್ರಶ್ನೆ. ನಿಮ್ಮ ಪ್ರೊಡಕ್ಷನ್ (ಗ್ರಾಹಕರು ನಿಜವಾಗಿ ಬಳಸುವ) ಡೇಟಾಬೇಸನ್ನು ಬ್ಯಾಕಪ್‌ನಿಂದ ಬೇರೆ ಮಶೀನಿನ ಮೇಲೆ ಎತ್ತಿ ನಿಲ್ಲಿಸಲು ಎಷ್ಟು ಹೊತ್ತು ಬೇಕು? "ರಾತ್ರಿ 2ಕ್ಕೆ ಬ್ಯಾಕಪ್ ಓಡುತ್ತೆ ಸರ್" ಅನ್ನುವುದು ಈ ಪ್ರಶ್ನೆಗೆ ಉತ್ತರವಲ್ಲ. ಗಂಟೆ, ನಿಮಿಷಗಳಲ್ಲಿ ಹೇಳಬೇಕು. ಅಂದಾಜೂ ಸಾಲದು, ಈಚೆಗೆ ಅಳೆದ ಅಂಕಿಯೇ ಬೇಕು.

ಉದಾಹರಣೆಗಳೆಲ್ಲ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನವು. ಅದು ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಾಖಲೆಗೆ ವಾಲ್ ಎನ್ನುತ್ತಾರೆ. ಮೈಎಸ್‌ಕ್ಯುಎಲ್ ನಡೆಸುವವರು ವಾಲ್ ಎಂದಲ್ಲಿ ಬಿನ್‌ಲಾಗ್ ಎಂದು ಓದಿಕೊಂಡರೆ ಮುಕ್ಕಾಲು ಭಾಗ ಹೊಂದುತ್ತದೆ.

2017ರ ಜನವರಿ 31

ಪ್ರೋಗ್ರಾಂ ಕೋಡ್ ಇಟ್ಟುಕೊಳ್ಳುವ ಸೇವೆಯಾದ ಗಿಟ್‌ಲ್ಯಾಬ್ ಡಾಟ್ ಕಾಮ್‌ನಲ್ಲಿ ಅಂದು ನಡೆದದ್ದನ್ನು ಆರಿಸಿಕೊಳ್ಳಲು ಕಾರಣವಿದೆ: ಅವರು ಏನನ್ನೂ ಮುಚ್ಚಿಡಲಿಲ್ಲ. ರಿಪೇರಿ ನಡೆಯುತ್ತಿರುವಾಗಲೇ ಕೆಲಸದ ಟಿಪ್ಪಣಿಯನ್ನು ಎಲ್ಲರ ಕಣ್ಣಿಗೆ ತೆರೆದಿಟ್ಟರು, ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿದರು, ಆಮೇಲೆ ಉದ್ದನೆಯ ಪೋಸ್ಟ್‌ಮಾರ್ಟೆಮ್ ಬರೆದರು. ಕಮಾಂಡ್ ಓಡಿಸಿದ ಎಂಜಿನಿಯರ್‌ನ ಹೆಸರು ಅದರಲ್ಲಿಲ್ಲ, "ಟೀಮ್-ಮೆಂಬರ್-1" ಅಷ್ಟೇ. ಹಾಗಾಗಿ ನಾವು ವ್ಯಕ್ತಿಯನ್ನು ಬಿಟ್ಟು ವ್ಯವಸ್ಥೆಯನ್ನು ನೋಡಬಹುದು.

ಅವರ ಸೆಟಪ್ ಸರಳ: ಒಂದು ಪ್ರೈಮರಿ (ಮುಖ್ಯ ಡೇಟಾಬೇಸ್), ಡಿಬಿ1. ಅದರ ಹಿಂದೆ ಅದರ ವಾಲ್ ಓದಿ ಸದಾ ಕಾಪಿಯಾಗುತ್ತಿರುವ ಒಂದು ರೆಪ್ಲಿಕಾ, ಡಿಬಿ2. ಆ ಸಂಜೆ ಸ್ಪ್ಯಾಮ್‌ನಿಂದ ಲೋಡ್ ಏರಿತು. ಜೊತೆಗೆ, ಯಾರೋ ಕಿಡಿಗೇಡಿಗಳು ದೂರು ಕೊಟ್ಟಿದ್ದ ಒಬ್ಬ ಉದ್ಯೋಗಿಯ ಖಾತೆಯನ್ನೇ ಅಳಿಸಲು ಒಂದು ಹಿನ್ನೆಲೆ ಜಾಬ್ ಹೊರಟಿತ್ತು. ಡಿಬಿ2 ಹಿಂದೆ ಬಿತ್ತು. ಅದು ಓದಿ ಮುಗಿಸುವ ಮೊದಲೇ ಪ್ರೈಮರಿ ತನ್ನ ಹಳೆಯ ವಾಲ್ ಫೈಲುಗಳನ್ನು ಅಳಿಸಿಬಿಟ್ಟಿತ್ತು. ವಾಲ್ ಫೈಲುಗಳನ್ನು ಬೇರೆ ಕಡೆ ಕೂಡಿಡುವ ವಾಲ್ ಆರ್ಕೈವ್ ಇದ್ದಿದ್ದರೆ ರೆಪ್ಲಿಕಾ ಅಲ್ಲಿಂದ ಎತ್ತಿಕೊಂಡು ಮುಂದೆ ಹೋಗುತ್ತಿತ್ತು. ಆರ್ಕೈವ್ ಇರಲಿಲ್ಲ. ಉಳಿದ ದಾರಿ ಒಂದೇ: ಡಿಬಿ2ರ ಡೇಟಾ ಡೈರೆಕ್ಟರಿ ಖಾಲಿ ಮಾಡಿ, ಪಿಜಿ ಬೇಸ್‌ಬ್ಯಾಕಪ್ ಓಡಿಸಿ, ಪೂರ್ತಿ ಹೊಸದಾಗಿ ಕಾಪಿ ತರುವುದು.

ಬೇಸ್‌ಬ್ಯಾಕಪ್ ಮೊದಲು "ಮ್ಯಾಕ್ಸ್ ವಾಲ್ ಸೆಂಡರ್ಸ್ (ವಾಲ್ ಕಳಿಸುವ ಕನೆಕ್ಷನ್‌ಗಳ ಮಿತಿ) ಕಡಿಮೆ" ಎಂದು ತಕರಾರು ತೆಗೆಯಿತು. ಅದನ್ನು 32ಕ್ಕೆ ಏರಿಸಿದರು. ಆಗ ಪೋಸ್ಟ್‌ಗ್ರೆಸ್ ಸೆಮಫೋರ್ (ಓಎಸ್ ಕೊಡುವ ಒಂದು ಸೀಮಿತ ಸಂಪನ್ಮೂಲ) ಸಾಲದೆಂದು ಮೇಲೇಳಲೇ ಇಲ್ಲ, ಯಾಕೆಂದರೆ ಮ್ಯಾಕ್ಸ್ ಕನೆಕ್ಷನ್ಸ್ 8000 ಇತ್ತು. ಅದನ್ನು 2000ಕ್ಕೆ ಇಳಿಸಿದರು. ಈಗ ಬೇಸ್‌ಬ್ಯಾಕಪ್ ಶುರುವಾಯಿತು, ಆದರೆ ಒಂದಕ್ಷರವನ್ನೂ ಮುದ್ರಿಸದೆ ಸುಮ್ಮನೆ ಕೂತಿತು. ಅದು ಪ್ರೈಮರಿ ಡೇಟಾ ಕಳಿಸಲು ಶುರು ಮಾಡಲಿ ಎಂದು ಕಾಯುತ್ತಿತ್ತು ಅಷ್ಟೇ. ಆ ಮೌನ ಸಹಜ ಎಂದು ಅವರ ರನ್‌ಬುಕ್ಕಿನಲ್ಲಿ (ಕೆಲಸದ ಹೆಜ್ಜೆಗಳನ್ನು ಬರೆದಿಟ್ಟ ಕೈಪಿಡಿಯಲ್ಲಿ) ಎಲ್ಲೂ ಇರಲಿಲ್ಲ. ಹಿಂದಿನ ಪ್ರಯತ್ನದ ಚೂರುಪಾರು ಫೈಲುಗಳು ಡೈರೆಕ್ಟರಿಯಲ್ಲಿ ಉಳಿದಿರಬೇಕು, ಅದಕ್ಕೇ ಹೀಗೆ, ಎಂದುಕೊಂಡು ರಾತ್ರಿ 11.30ರ ಹೊತ್ತಿಗೆ (ಯುಟಿಸಿ ಲೆಕ್ಕ) ಡೈರೆಕ್ಟರಿ ಅಳಿಸುವ ಕಮಾಂಡ್ ಕೊಟ್ಟರು. ಡಿಬಿ2 ಎಂದುಕೊಂಡಿದ್ದ ಟರ್ಮಿನಲ್ ಡಿಬಿ1ರದಾಗಿತ್ತು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು.

ಇಷ್ಟು ಬೇಗ ಹೇಗೆ ಹೋಗುತ್ತದೆ ಎಂದು ಕೇಳುವವರಿದ್ದಾರೆ. ಪೋಸ್ಟ್‌ಗ್ರೆಸ್ ದೊಡ್ಡ ಟೇಬಲ್‌ಗಳನ್ನು 1 ಜಿಬಿಯ ತುಂಡುಗಳಾಗಿ ಇಡುತ್ತದೆ. ಅಳಿಸುವಾಗ ಲಿನಕ್ಸ್ ಡೇಟಾವನ್ನು ಮುಟ್ಟುವುದಿಲ್ಲ, ಫೈಲಿನ ಹೆಸರನ್ನು ಕಿತ್ತುಹಾಕಿ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ. ಕೆಲವು ನೂರು ದೊಡ್ಡ ಫೈಲುಗಳಿಗೆ ಅದು ಕ್ಷಣದ ಕೆಲಸ. ಇದರ ಇನ್ನೊಂದು ಮಗ್ಗುಲೂ ಗೊತ್ತಿರಲಿ: ಯಾವುದಾದರೂ ಪೋಸ್ಟ್‌ಗ್ರೆಸ್ ಪ್ರೋಸೆಸ್ ಒಂದು ಫೈಲನ್ನು ತೆರೆದು ಹಿಡಿದಿದ್ದರೆ, ಹೆಸರು ಹೋದರೂ ಫೈಲು ಡಿಸ್ಕಿನಲ್ಲಿ ಜೀವಂತವಾಗಿರುತ್ತದೆ, ಪ್ರಾಕ್ ಫೈಲ್‌ಸಿಸ್ಟಂನಲ್ಲಿ ಆ ಪ್ರೋಸೆಸ್ ಐಡಿಯ ಕೆಳಗಿನ ಎಫ್‌ಡಿ ಡೈರೆಕ್ಟರಿಯಿಂದ ಅದನ್ನು ಕಾಪಿ ಮಾಡಬಹುದು. ಆದ್ದರಿಂದ ಇಂಥ ಅನಾಹುತವಾದ ಕೂಡಲೇ ಗಾಬರಿಯಲ್ಲಿ ಪೋಸ್ಟ್‌ಗ್ರೆಸ್ ನಿಲ್ಲಿಸಬೇಡಿ, ಮಶೀನ್ ರೀಬೂಟ್ ಅಂತೂ ಬೇಡವೇ ಬೇಡ. ಎಲ್ಲವೂ ಸಿಗುತ್ತದೆಂಬ ಭರವಸೆ ಇಲ್ಲ, ಆದರೆ ರೀಬೂಟ್ ಆದಮೇಲೆ ಏನೂ ಸಿಗುವುದಿಲ್ಲ ಎಂಬುದು ಖಾತ್ರಿ.

ಈಗ ಬ್ಯಾಕಪ್‌ಗಳ ಸರದಿ. ದಿನಕ್ಕೊಮ್ಮೆ ಪಿಜಿ ಡಂಪ್ (ಡೇಟಾವನ್ನೆಲ್ಲ ಫೈಲಿಗೆ ಸುರಿಯುವ ಪ್ರೋಗ್ರಾಂ) ಓಡಿ ಫೈಲು ಅಮೆಜಾನ್‌ನ ಸಂಗ್ರಹ ಸೇವೆ ಎಸ್3ಗೆ ಹೋಗಬೇಕಿತ್ತು. ನೋಡಿದರೆ ಅಲ್ಲಿನ ಬಕೆಟ್ (ಫೈಲು ಇಡುವ ಜಾಗ) ಖಾಲಿ. ಡೇಟಾಬೇಸ್ ಆವೃತ್ತಿ 9.6, ಡಂಪ್ ಮಾಡುತ್ತಿದ್ದ ಪ್ರೋಗ್ರಾಂ 9.2. ತನಗಿಂತ ಹೊಸ ಸರ್ವರ್‌ನಿಂದ ಡಂಪ್ ತೆಗೆಯಲು ಪಿಜಿ ಡಂಪ್ ಒಪ್ಪುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. 9.2 ಎಲ್ಲಿಂದ ಬಂತು? ಅವರ ಪ್ಯಾಕೇಜು ಯಾವ ಆವೃತ್ತಿ ಬಳಸಬೇಕೆಂದು ಡೇಟಾ ಡೈರೆಕ್ಟರಿಯಲ್ಲಿರುವ ಆವೃತ್ತಿ ಫೈಲ್ ನೋಡಿ ತೀರ್ಮಾನಿಸುತ್ತಿತ್ತು. ಡಂಪ್ ಓಡುತ್ತಿದ್ದದ್ದು ಅಪ್ಲಿಕೇಶನ್ ಸರ್ವರ್‌ನಲ್ಲಿ, ಅಲ್ಲಿ ಡೇಟಾ ಡೈರೆಕ್ಟರಿಯೇ ಇಲ್ಲ. ಸರಿ, ಡೀಫಾಲ್ಟ್ 9.2 ಎಂದುಕೊಂಡಿತು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಪ್ರತಿಸಲವೂ ಎರರ್ ಮೇಲ್ ಕಳಿಸುತ್ತಿತ್ತು. ಆ ಮೇಲ್‌ಗಳಿಗೆ ಡಿಮಾರ್ಕ್ (ಕಳಿಸಿದವರು ಅಸಲಿ ಎಂದು ಸಾಬೀತುಪಡಿಸುವ) ವ್ಯವಸ್ಥೆ ಇರಲಿಲ್ಲ, ಪಡೆಯುವ ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಅಜೂರ್ ಕ್ಲೌಡಿನ ಡಿಸ್ಕ್ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಡಿಸ್ಕಿನ ಪಡಿಯಚ್ಚು) ಫೈಲ್ ಸರ್ವರ್‌ಗಳಿಗಿತ್ತು, ಡೇಟಾಬೇಸ್ ಸರ್ವರ್‌ಗಳಿಗೆ ಹಾಕಿರಲಿಲ್ಲ, ಉಳಿದವು ಇದ್ದಾವಲ್ಲ ಎಂಬ ನಂಬಿಕೆ. ರೆಪ್ಲಿಕಾವನ್ನು ತಾವೇ ಖಾಲಿ ಮಾಡಿದ್ದರು.

ಉಳಿಸಿದ್ದು ಆಕಸ್ಮಿಕ. ಸಂಜೆ 5.20ಕ್ಕೆ ಬೇರೊಂದು ಪ್ರಯೋಗಕ್ಕೆಂದು ಒಬ್ಬರು ಕೈಯಾರೆ ಲಿನಕ್ಸ್‌ನ ಎಲ್‌ವಿಎಂ ಸ್ನ್ಯಾಪ್‌ಶಾಟ್ ತೆಗೆದು ಸ್ಟೇಜಿಂಗ್‌ಗೆ (ಪರೀಕ್ಷೆಗೆಂದು ಇಟ್ಟ ಪ್ರತ್ಯೇಕ ಸೆಟಪ್‌ಗೆ) ಹಾಕಿದ್ದರು. ಅದರಿಂದಲೇ ಸೇವೆ ಮರಳಿ ಬಂತು. 5.20ರಿಂದ ಮಧ್ಯರಾತ್ರಿವರೆಗಿನ ಡೇಟಾಬೇಸ್ ಬದಲಾವಣೆ ಹೋಯಿತು: ಅವರ ಅಂದಾಜಿನಂತೆ ಸುಮಾರು 5,000 ಪ್ರಾಜೆಕ್ಟ್, 5,000 ಕಾಮೆಂಟ್, 700 ಹೊಸ ಖಾತೆ. ಗಿಟ್ ರೆಪೊಸಿಟರಿಗಳು ಬೇರೆ ಕಡೆ ಇದ್ದುದರಿಂದ ಕೋಡ್ ಉಳಿಯಿತು. ಸ್ಟೇಜಿಂಗ್‌ನ ಡಿಸ್ಕ್ ಅಗ್ಗದ್ದು, ನಿಧಾನದ್ದು. ಅಲ್ಲಿಂದ ಪ್ರೊಡಕ್ಷನ್‌ಗೆ ಕಾಪಿ ಮಾಡಲು ಸುಮಾರು 18 ಗಂಟೆ ಹಿಡಿಯಿತು. ಮತ್ತೊಂದು ಉಪದ್ರ: ಸ್ಟೇಜಿಂಗ್‌ನಿಂದ ಹೊರಗಿನವರಿಗೆ ಕರೆ ಹೋಗಬಾರದೆಂದು ಅಲ್ಲಿಗೆ ಡೇಟಾ ಹಾಕುವ ಸ್ಕ್ರಿಪ್ಟ್ ವೆಬ್‌ಹುಕ್‌ಗಳನ್ನು (ಏನಾದರೂ ನಡೆದಾಗ ಹೊರಗಿನ ಸೇವೆಗೆ ತಾನೇ ತಿಳಿಸುವ ಸೆಟ್ಟಿಂಗ್‌ಗಳನ್ನು) ಅಳಿಸುತ್ತಿತ್ತು. ಒಳ್ಳೆಯ ಪದ್ಧತಿಯೇ, ಆದರೆ ಸ್ಟೇಜಿಂಗೇ ಬ್ಯಾಕಪ್ ಆದ ದಿನ ವೆಬ್‌ಹುಕ್‌ಗಳದ್ದು ಬೇರೆ ಚಿಂತೆಯಾಯಿತು.

ಮರಳಿ ತಂದ ಮೇಲೆ ಅವರು ಮಾಡಿದ ಒಂದು ಚಿಕ್ಕ ಕೆಲಸ ಗಮನಿಸಿ. ಹೊಸ ಐಡಿ ಸಂಖ್ಯೆ ಹಂಚುವ ಎಲ್ಲ ಸೀಕ್ವೆನ್ಸ್‌ಗಳನ್ನೂ 1,00,000ದಷ್ಟು ಮುಂದಕ್ಕೆ ತಳ್ಳಿದರು. ಕಳೆದುಹೋದ ಆರು ಗಂಟೆಯಲ್ಲಿ ಹಂಚಿದ ಐಡಿಗಳು ಜನರ ಮೇಲ್‌ಗಳಲ್ಲಿ, ಬುಕ್‌ಮಾರ್ಕ್‌ಗಳಲ್ಲಿ, ಎಪಿಐ ಬಳಸುವವರ ಡೇಟಾಬೇಸ್‌ಗಳಲ್ಲಿ ಈಗಾಗಲೇ ಕೂತಿವೆ. ಅದೇ ಐಡಿಯನ್ನು ಹೊಸ ಯಾರಿಗೋ ಕೊಟ್ಟರೆ ಹಳೆಯ ಲಿಂಕ್ ಬೇರೆಯವರ ದಾಖಲೆ ತೆರೆಯುತ್ತದೆ. ಪೇಮೆಂಟ್ ಕೆಲಸದಲ್ಲಿರುವವರಿಗೆ ಇದರ ಬಿಸಿ ಇನ್ನೂ ಹೆಚ್ಚು: ಆರ್ಡರ್ ನಂಬರ್ ಎರಡು ಸಲ ಬಂದರೆ ಗೇಟ್‌ವೇ ಹಳೆಯ ವಹಿವಾಟನ್ನೇ ತೋರಿಸಬಹುದು. ನಿಮ್ಮ ರಿಸ್ಟೋರ್ ರನ್‌ಬುಕ್ಕಿನಲ್ಲಿ, ಅಪ್ಲಿಕೇಶನ್‌ಗೆ ಬಾಗಿಲು ತೆರೆಯುವ ಮೊದಲಿನ ಹೆಜ್ಜೆಯಾಗಿ ಇದನ್ನು ಬರೆದುಕೊಳ್ಳಿ.

ಎರಡು ಅಂಕಿ

ಎಷ್ಟು ಹೊತ್ತಿನ ಡೇಟಾ ಹೋದರೆ ತಡೆದುಕೊಳ್ಳುತ್ತೀರಿ, ಮತ್ತೆ ಏಳಲು ಎಷ್ಟು ಹೊತ್ತು ಬೇಕು. ಮೊದಲನೆಯದು ಆರ್‌ಪಿಒ, ಎರಡನೆಯದು ಆರ್‌ಟಿಒ ಎಂದು ಎಲ್ಲ ಡಾಕ್ಯುಮೆಂಟಿನಲ್ಲೂ ಇರುತ್ತವೆ, ಬಹಳ ಕಡೆ ಆಡಿಟ್‌ಗೆಂದು ತುಂಬಿಸಿದವು.

ದಿನಕ್ಕೊಂದು ಡಂಪ್ ಮಾತ್ರ ಇದ್ದರೆ ಆರ್‌ಪಿಒ 24 ಗಂಟೆ ಎಂದು ಬರೆದಿರುತ್ತಾರೆ. ಅದು ತಪ್ಪು. ಡಂಪ್ ತೋರಿಸುವುದು ತಾನು ಶುರುವಾದ ಕ್ಷಣದ ಚಿತ್ರ. ರಾತ್ರಿ 2ಕ್ಕೆ ಶುರುವಾಗಿ 4ಕ್ಕೆ ಮುಗಿಯುವ ಡಂಪ್, ಮಾರನೆಯ ದಿನ 3.55ಕ್ಕೆ ಡಿಸ್ಕ್ ಸತ್ತರೆ, ಕೈಯಲ್ಲಿರುವುದು ಹಿಂದಿನ ದಿನ 2 ಗಂಟೆಯದು. ಸುಮಾರು 26 ಗಂಟೆ ಹೋಯಿತು.

ವಾಲ್ ಆರ್ಕೈವ್ ಸೇರಿಸಿದರೆ ಇದು ನಿಮಿಷಕ್ಕೆ ಇಳಿಯುತ್ತದೆ. ವಾಲ್ ಫೈಲ್ 16 ಎಂಬಿ, ತುಂಬಿದಾಗ ಆರ್ಕೈವ್‌ಗೆ ಹೋಗುತ್ತದೆ. ಕಡಿಮೆ ಬರಹವಿರುವ ಡೇಟಾಬೇಸಿನಲ್ಲಿ ತುಂಬಲು ಗಂಟೆಗಟ್ಟಲೆ ಆಗಬಹುದು, ಅದಕ್ಕೆ ಆರ್ಕೈವ್ ಟೈಮೌಟ್ (ತುಂಬದಿದ್ದರೂ ಫೈಲು ಕಳಿಸುವ ಗಡುವು) 60 ಸೆಕೆಂಡ್ ಇಡಿ. ಬೆಲೆ ಏನು? ಪ್ರತಿ ನಿಮಿಷಕ್ಕೂ ಒಂದೊಂದು ಫೈಲ್ ಹೋದರೆ ದಿನಕ್ಕೆ 1,440 ಫೈಲ್, ಕಂಪ್ರೆಸ್ ಮಾಡದಿದ್ದರೆ ಸುಮಾರು 23 ಜಿಬಿ. ಅರೆಖಾಲಿ ಫೈಲುಗಳು ಚೆನ್ನಾಗಿ ಕುಗ್ಗುತ್ತವೆ, ಆದ್ದರಿಂದ ಕಂಪ್ರೆಶನ್ ಬಿಡಬೇಡಿ.

ಆರ್‌ಟಿಒಗೆ ಲೆಕ್ಕ ಹಾಕುವಾಗ ಜನ ಬ್ಯಾಂಡ್‌ವಿಡ್ತ್ ಮರೆಯುತ್ತಾರೆ. ಸೆಕೆಂಡಿಗೆ 60 ಮೆಗಾಬಿಟ್ ಅಂದರೆ 7.5 ಮೆಗಾಬೈಟ್. 300 ಜಿಬಿಗೆ 40,000 ಸೆಕೆಂಡ್, ಅಂದರೆ 11 ಗಂಟೆ, ಅದೂ ಎಲ್ಲ ನೆಟ್ಟಗೆ ನಡೆದರೆ. ಕಾಪಿ ಮುಗಿದ ಮೇಲೆ ವಾಲ್ ರೀಪ್ಲೇ, ಅಂದರೆ ಅದರಲ್ಲಿನ ಬದಲಾವಣೆಗಳನ್ನು ಕಾಪಿಯ ಮೇಲೆ ಮತ್ತೆ ಮಾಡುವುದು, ಇದೆ. ಬರೆಯುವಾಗ ನೂರಾರು ಕನೆಕ್ಷನ್ ಸೇರಿ ಬರೆದದ್ದನ್ನು ರೀಪ್ಲೇ ಮಾಡುವುದು ಒಂದೇ ಪ್ರೋಸೆಸ್. ಭಾನುವಾರ ಫುಲ್ ಬ್ಯಾಕಪ್ ತೆಗೆದು ಶನಿವಾರ ಬಿದ್ದರೆ ಆರು ದಿನದ ವಾಲ್ ಒಂದೇ ಕೈಯಲ್ಲಿ ನಡೆಯಬೇಕು. ಪಿಜಿಬ್ಯಾಕ್‌ರೆಸ್ಟ್‌ನಂಥ ಟೂಲ್ ಇದ್ದರೆ ವಾರಕ್ಕೊಂದು ಫುಲ್, ದಿನಕ್ಕೊಂದು ಡಿಫರೆನ್ಷಿಯಲ್ (ಫುಲ್ ಆದಮೇಲೆ ಬದಲಾದದ್ದರ ಬ್ಯಾಕಪ್) ಇಡಿ. ರೀಪ್ಲೇ ಒಂದು ದಿನದ್ದಕ್ಕೆ ಇಳಿಯುತ್ತದೆ.

ವಾಲ್ ಫೈಲನ್ನು ಆರ್ಕೈವ್‌ಗೆ ಕಳಿಸುವ ಆರ್ಕೈವ್ ಕಮಾಂಡ್ ಬಗ್ಗೆ ಕೈಬರಹದ ಸ್ಕ್ರಿಪ್ಟ್ ಬರೆಯುವವರಿಗೆ ಎರಡು ಎಚ್ಚರಿಕೆ. ಫೈಲು ನಿಜಕ್ಕೂ ಆಚೆ ತಲುಪಿ ಡಿಸ್ಕಿಗೆ ಬಿದ್ದ ಮೇಲೆ ಮಾತ್ರ ಅದು ಸೊನ್ನೆ (ಯಶಸ್ಸಿನ ಸಂಕೇತ) ಹಿಂತಿರುಗಿಸಬೇಕು. ಮೊದಲೇ ಸೊನ್ನೆ ಕೊಟ್ಟರೆ ಪೋಸ್ಟ್‌ಗ್ರೆಸ್ ತನ್ನ ಕಾಪಿ ಅಳಿಸುತ್ತದೆ, ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಆಚೆಯ ವಾಲ್ ಎಲ್ಲ ದಂಡ. ಪೈಪ್ ಹಾಕಿ ಜಿಜಿಪ್‌ಗೆ, ಅಲ್ಲಿಂದ ಅಪ್‌ಲೋಡ್‌ಗೆ ಕೊಟ್ಟ ಸ್ಕ್ರಿಪ್ಟ್‌ಗಳಲ್ಲಿ ಪೈಪ್‌ಫೇಲ್ (ನಡುವಿನ ಕಮಾಂಡ್ ಸೋತರೂ ಸೋಲೆಂದು ಹೇಳುವ ಸೆಟ್ಟಿಂಗ್) ಹಾಕದೆ ಕೊನೆಯ ಕಮಾಂಡಿನ ಸೊನ್ನೆಯನ್ನೇ ನಂಬುವುದು ಮಾಮೂಲಿ ತಪ್ಪು. ಇನ್ನೊಂದು ತುದಿಯ ಅಪಾಯ: ಕಮಾಂಡ್ ಸೋಲುತ್ತಲೇ ಇದ್ದರೆ ವಾಲ್ ಫೈಲುಗಳು ಪ್ರೈಮರಿಯಲ್ಲೇ ಪೇರಿಸಿಕೊಂಡು ಡಿಸ್ಕ್ ತುಂಬಿ ಡೇಟಾಬೇಸ್ ಬೀಳುತ್ತದೆ. ಪಿಜಿ ಸ್ಟ್ಯಾಟ್ ಆರ್ಕೈವರ್ ಎಂಬ ವ್ಯೂನಲ್ಲಿ ಕೊನೆಯ ಯಶಸ್ಸಿನ ಸಮಯ, ಸೋಲಿನ ಎಣಿಕೆ ಎರಡೂ ಇವೆ. ರೆಪ್ಲಿಕಾ ಓದುವವರೆಗೆ ವಾಲ್ ಉಳಿಸುವ ರೆಪ್ಲಿಕೇಶನ್ ಸ್ಲಾಟ್‌ಗಳಿಗೂ ಇದೇ ಮಾತು. ಸತ್ತ ರೆಪ್ಲಿಕಾದ ಸ್ಲಾಟ್ ವಾಲ್ ಹಿಡಿದು ಕೂರುತ್ತದೆ, 13ನೇ ಆವೃತ್ತಿಯಿಂದ ಅದಕ್ಕೆ ಗಾತ್ರದ ಮಿತಿ ಹಾಕಬಹುದು, ಹಾಕಿ.

ಕಾಪಿ ಎಲ್ಲಿರಬೇಕು? 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಆದ್ದರಿಂದ ಬೇರೆ ರೀಜನ್ (ಕ್ಲೌಡ್ ಕಂಪನಿಯ ಬೇರೆ ಊರಿನ ಡೇಟಾ ಸೆಂಟರ್). ಪೇಮೆಂಟ್ ಡೇಟಾ ಇರುವವರಿಗೆ ರಿಸರ್ವ್ ಬ್ಯಾಂಕಿನ 2018ರ ಏಪ್ರಿಲ್ ಸುತ್ತೋಲೆ ಪ್ರಕಾರ ಆ ಡೇಟಾ ಭಾರತದಲ್ಲಷ್ಟೇ ಇರಬೇಕು, ಬ್ಯಾಕಪ್ ಎಂದು ಸಿಂಗಾಪುರಕ್ಕೆ ಕಳಿಸುವ ಹಾಗಿಲ್ಲ. ಅಮೆಜಾನ್ ಬಳಸುವವರಿಗೆ ಮುಂಬೈ ಒಂದೇ ಇದ್ದ ಕಾಲ ಹೋಯಿತು, 2022ರಿಂದ ಹೈದರಾಬಾದ್ ಇದೆ. ರೀಜನ್‌ಗಿಂತ ಮುಖ್ಯ ಎಂದು ನನಗನ್ನಿಸುವುದು ಬೇರೆ ಅಕೌಂಟ್. ಪ್ರೊಡಕ್ಷನ್ ಸರ್ವರ್‌ನ ಕೀಗೆ ಬರೆಯುವ ಅಧಿಕಾರವಿರಲಿ, ಅಳಿಸುವ ಅಧಿಕಾರ ಬೇಡ. ಬಕೆಟ್‌ನಲ್ಲಿ ವರ್ಶನಿಂಗ್ (ಹಳೆಯ ಆವೃತ್ತಿ ಉಳಿಸುವುದು) ಮತ್ತು ಆಬ್ಜೆಕ್ಟ್ ಲಾಕ್ (ಅಳಿಸದಂತೆ ಬೀಗ) ಇರಲಿ. ರ‍್ಯಾನ್ಸಮ್‌ವೇರ್ ನಡೆಸುವವರು ಮೊದಲು ಹುಡುಕುವುದೇ ಬ್ಯಾಕಪ್ಪನ್ನು.

ಬಾರದ ಅಲರ್ಟ್

ಡಿಮಾರ್ಕ್ ಕಥೆಯಿಂದ ಕಲಿಯಬೇಕಾದ್ದು ಮೇಲ್ ಸೆಟ್ಟಿಂಗ್ ಅಲ್ಲ. "ಕೆಟ್ಟರೆ ತಿಳಿಸು" ಎಂಬ ವ್ಯವಸ್ಥೆಯಲ್ಲಿ ತಿಳಿಸುವ ದಾರಿಯೇ ಕೆಟ್ಟರೆ ಎಲ್ಲ ಚೆನ್ನಾಗಿದೆ ಎಂದೇ ಕಾಣುತ್ತದೆ. ತಿರುಗಿಸಿ ಹಾಕಿ: ಯಶಸ್ಸಿನ ಸುದ್ದಿ ಬರಬೇಕು, ಬರದಿದ್ದರೆ ಗಂಟೆ ಹೊಡೆಯಬೇಕು.

ಅಳತೆಗಳನ್ನು ಕೂಡಿಸಿ ಅಲರ್ಟ್ ಕೊಡುವ ಪ್ರೊಮೀಥಿಯಸ್‌ನಲ್ಲಿ ಹೀಗೆ. ಬ್ಯಾಕಪ್ ಸ್ಕ್ರಿಪ್ಟ್ ಕಟ್ಟಕಡೆಯಲ್ಲಿ, ಎಲ್ಲ ಪರೀಕ್ಷೆ ಮುಗಿದ ಮೇಲೆ, ಯುನಿಕ್ಸ್ ಸಮಯವನ್ನು ಒಂದು ಪಠ್ಯ ಫೈಲಿಗೆ ಬರೆಯಲಿ. ಮಶೀನಿನ ಅಳತೆಗಳನ್ನು ಪ್ರೊಮೀಥಿಯಸ್‌ಗೆ ಒದಗಿಸುವ ನೋಡ್ ಎಕ್ಸ್‌ಪೋರ್ಟರ್‌ನ ಟೆಕ್ಸ್ಟ್‌ಫೈಲ್ ಕಲೆಕ್ಟರ್ ಅದನ್ನು ಎತ್ತಿಕೊಳ್ಳುತ್ತದೆ. ನೇರವಾಗಿ ಬರೆಯಬೇಡಿ, ಪಕ್ಕದಲ್ಲಿ ತಾತ್ಕಾಲಿಕ ಫೈಲಿಗೆ ಬರೆದು ಹೆಸರು ಬದಲಿಸಿ, ಇಲ್ಲದಿದ್ದರೆ ಅರ್ಧ ಬರೆದ ಫೈಲನ್ನು ಅದು ಓದಬಹುದು. ಈಗಿನ ಸಮಯದಿಂದ ಆ ಸಂಖ್ಯೆ ಕಳೆದರೆ 26 ಗಂಟೆಗಿಂತ ಹೆಚ್ಚಿದೆಯೇ? ಅಲರ್ಟ್.

ಇಷ್ಟಕ್ಕೇ ನಿಲ್ಲಿಸುವವರು ಸಿಕ್ಕಿಬೀಳುವುದು ಇಲ್ಲಿ: ಮಶೀನೇ ಹೋದರೆ, ಅಥವಾ ಯಾರೋ ಮೆಟ್ರಿಕ್ ಹೆಸರು ಬದಲಿಸಿದರೆ, ಆ ಸಾಲೇ ಇರುವುದಿಲ್ಲ. ಇಲ್ಲದ ಸಾಲಿನ ಮೇಲೆ ಹೋಲಿಕೆ ಮಾಡಿದರೆ ಪ್ರೊಮೀಥಿಯಸ್ ಖಾಲಿ ಉತ್ತರ ಕೊಡುತ್ತದೆ, ಖಾಲಿ ಉತ್ತರಕ್ಕೆ ಅಲರ್ಟ್ ಇಲ್ಲ. ಅದಕ್ಕೆಂದೇ ಆಬ್ಸೆಂಟ್ ಎಂಬ ಫಂಕ್ಷನ್ ಇದೆ, ಪ್ರತಿ ಬ್ಯಾಕಪ್ಪಿನ ಹೆಸರಿಗೂ ಒಂದೊಂದು ರೂಲ್ ಬರೆಯಿರಿ. ಇನ್ನು ಪ್ರೊಮೀಥಿಯಸ್ಸೇ ಸತ್ತರೆ? ಯಾವಾಗಲೂ ಹೊಡೆಯುತ್ತಲೇ ಇರುವ ಒಂದು ಅಲರ್ಟನ್ನು, ವಾಚ್‌ಡಾಗ್ ಎನ್ನುತ್ತಾರೆ, ನಿಮ್ಮ ಜಾಲದ ಹೊರಗಿನ ಸೇವೆಯೊಂದಕ್ಕೆ ಕಳಿಸುತ್ತಿರಿ. ಅದು ನಿಂತ ಕೂಡಲೇ ಆ ಸೇವೆ ಫೋನ್ ಮಾಡುತ್ತದೆ.

ಗಾತ್ರವನ್ನೂ ಅಳೆಯಿರಿ. ಇವತ್ತಿನ ಬ್ಯಾಕಪ್ ನಿನ್ನೆಯದರ ಶೇ. 80ಕ್ಕಿಂತ ಚಿಕ್ಕದಿದ್ದರೆ ಸ್ಕ್ರಿಪ್ಟ್ ಯಶಸ್ಸಿನ ಸಮಯ ಬರೆಯಬಾರದು. ಸೊನ್ನೆ ಬೈಟಿನ ಡಂಪ್‌ಗಳು ಇಷ್ಟರಲ್ಲೇ ಸಿಕ್ಕಿಬೀಳುತ್ತವೆ.

ಡ್ರಿಲ್

ಇಷ್ಟೆಲ್ಲ ಮಾಡಿದರೂ ಬ್ಯಾಕಪ್ ಒಳ್ಳೆಯದೆಂದು ಗೊತ್ತಾಗಿಲ್ಲ. ಭರಣಿಯ ಮುಚ್ಚಳ ತೆಗೆಯದೆ ಉಪ್ಪಿನಕಾಯಿಗೆ ಬೂಷ್ಟು ಬಂದಿದೆಯೋ ಇಲ್ಲವೋ ಹೇಳಲಾಗದು. ವಾರಕ್ಕೊಮ್ಮೆ ರಿಸ್ಟೋರ್ ಮಾಡಿ, ಯಂತ್ರವೇ ಮಾಡಲಿ, ಮಂಗಳವಾರ ಬೆಳಿಗ್ಗೆ 10ಕ್ಕೆ. ಭಾನುವಾರ ರಾತ್ರಿ ಇಟ್ಟರೆ ಕೆಟ್ಟಾಗ ನೋಡುವವರಿರುವುದಿಲ್ಲ.

ಮೊದಲು ಪ್ರೊಡಕ್ಷನ್‌ನಲ್ಲಿ ಒಂದು ಪುಟ್ಟ ಟೇಬಲ್ ಮಾಡಿ, ಒಂದೇ ಕಾಲಂ, ಸಮಯ. ಪ್ರತಿ ನಿಮಿಷ ಅದಕ್ಕೊಂದು ಸಾಲು ಸೇರಲಿ. ಹಾರ್ಟ್‌ಬೀಟ್ ಎಂದು ಕರೆಯೋಣ. ರಿಸ್ಟೋರ್ ಆದ ಕಾಪಿಯಲ್ಲಿ ಈ ಟೇಬಲಿನ ಕೊನೆಯ ಸಾಲು ನೋಡಿದರೆ ಎಷ್ಟು ಡೇಟಾ ಹೋಯಿತೆಂದು ನೇರವಾಗಿ ಓದಬಹುದು, ಅಂದಾಜು ಬೇಕಿಲ್ಲ.

ಡ್ರಿಲ್‌ಗೆ ಟೆರಾಫಾರ್ಮ್‌ನಿಂದ (ಮಶೀನುಗಳನ್ನು ಕೋಡ್‌ನಿಂದ ನಿರ್ಮಿಸುವ ಟೂಲ್) ಹೊಸ ಮಶೀನ್ ಹುಟ್ಟಬೇಕು, ಹೋದ ವಾರದ್ದನ್ನು ಉಳಿಸಿಕೊಳ್ಳಬಾರದು. ಹಳೆಯ ಮಶೀನಿನಲ್ಲಿ ಯಾರೋ ಕೈಯಾರೆ ಹಾಕಿದ ಪ್ಯಾಕೇಜ್ ಕೂತಿರುತ್ತದೆ, ನಿಜವಾದ ದಿನ ಅದು ಇರುವುದಿಲ್ಲ. ಹೊರಗಿನ ನೆಟ್‌ವರ್ಕ್ ಮುಚ್ಚಿ, ಬ್ಯಾಕಪ್ ಬಕೆಟ್‌ಗೆ ಓದುವ ದಾರಿ ಮಾತ್ರ ಬಿಡಿ. ಆರ್ಕೈವ್ ಮೋಡ್ ಆಫ್ ಮಾಡಿ. ಇದನ್ನು ಮರೆತರೆ, ಎದ್ದ ಕಾಪಿ ತಾನೇ ಪ್ರೊಡಕ್ಷನ್ ಎಂದುಕೊಂಡು ತನ್ನ ಹೊಸ ಟೈಮ್‌ಲೈನಿನ ವಾಲ್ ಫೈಲುಗಳನ್ನು ಅಸಲಿ ಆರ್ಕೈವ್‌ಗೆ ತಳ್ಳುತ್ತದೆ. ಡ್ರಿಲ್ಲೇ ಬ್ಯಾಕಪ್ ಕೆಡಿಸಿದ ಹಾಗಾಗುತ್ತದೆ.

ಗುರಿಯ ಸಮಯವಾಗಿ "ಎಲ್ಲಕ್ಕಿಂತ ಹೊಸದು" ಕೊಡಬೇಡಿ. ಹಿಂದಿನ 24 ಗಂಟೆಯಲ್ಲಿ ಯಾವುದೋ ಒಂದು ಕ್ಷಣವನ್ನು ಯಂತ್ರವೇ ಆರಿಸಲಿ. ನಿಜ ಜೀವನದಲ್ಲಿ ಬರುವ ಬೇಡಿಕೆ ಅದೇ: "2.31ಕ್ಕೆ ವೇರ್ (ಯಾವ ಸಾಲು ಎಂಬ ಷರತ್ತು) ಇಲ್ಲದ ಡಿಲೀಟ್ ಹೊಡೆದರು, 2.30ಕ್ಕೆ ತಂದುಕೊಡಿ."

ಈ 2.30 ನಮ್ಮ ದೇಶದಲ್ಲಿ ವಿಶೇಷ ತೊಂದರೆ ಕೊಡುತ್ತದೆ. ಸರ್ವರ್ ಯುಟಿಸಿಯಲ್ಲಿರುತ್ತದೆ, ದೂರು ಕೊಟ್ಟವರ ಗಡಿಯಾರ ನಮ್ಮದು. ಮಧ್ಯಾಹ್ನ 14:30 ಎಂದು ಬರಿದೇ ಬರೆದರೆ ಸರ್ವರ್ ಅದನ್ನು ನಮ್ಮ ರಾತ್ರಿ 8 ಎಂದು ತಿಳಿಯುತ್ತದೆ, ಡಿಲೀಟ್ ಆದ ಮೇಲಿನ ಐದೂವರೆ ಗಂಟೆಯನ್ನೂ ರೀಪ್ಲೇ ಮಾಡುತ್ತದೆ. ಐಎಸ್‌ಟಿ ಎಂದು ಸೇರಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲ್! ರಿಕವರಿ ಟಾರ್ಗೆಟ್ ಟೈಮ್‌ನಲ್ಲಂತೂ ಇಂಥ ಸಂಕ್ಷೇಪಗಳನ್ನು ಸಾಮಾನ್ಯವಾಗಿ ಅದು ಒಪ್ಪುವುದೇ ಇಲ್ಲ. ಯಾವಾಗಲೂ +05:30 ಎಂದು ಅಂಕಿಯಲ್ಲಿ ಬರೆಯಿರಿ.

ಗುರಿ ಮುಟ್ಟಿದಾಗ ಪೋಸ್ಟ್‌ಗ್ರೆಸ್ ಡೀಫಾಲ್ಟಾಗಿ ತಡೆದು ನಿಲ್ಲುತ್ತದೆ, ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಇದು ವರ. ನೋಡಿ, ಇನ್ನೂ ಮುಂದೆ ಹೋಗಬೇಕೆನಿಸಿದರೆ ನಿಲ್ಲಿಸಿ, ಹೊಸ ಗುರಿ ಕೊಟ್ಟು ಮುಂದುವರಿಸಬಹುದು. ಹಿಂದೆ ಬರಲು ಆಗುವುದಿಲ್ಲ, ಮತ್ತೆ ಮೊದಲಿನಿಂದ ಕಾಪಿ. ಆದ್ದರಿಂದ ಅನುಮಾನವಿದ್ದಾಗ ಐದು ನಿಮಿಷ ಮುಂಚಿನ ಗುರಿ ಕೊಟ್ಟು ಮೆಲ್ಲಗೆ ಮುಂದಕ್ಕೆ ಸರಿಯಿರಿ.

ಎದ್ದ ಮೇಲೆ ಪರೀಕ್ಷೆ. ಹಾರ್ಟ್‌ಬೀಟ್ ಓದಿ. ಇಡೀ ಡೇಟಾಬೇಸನ್ನು ಪಿಜಿ ಡಂಪ್ ಮಾಡಿ ಡೆವ್ ನಲ್‌ಗೆ (ಬರೆದದ್ದನ್ನೆಲ್ಲ ಎಸೆಯುವ ಜಾಗಕ್ಕೆ) ಸುರಿಯಿರಿ: ಪ್ರತಿ ಸಾಲನ್ನೂ ಓದಲೇಬೇಕಾದ್ದರಿಂದ ಹಾಳಾದ ಪುಟಗಳು ಹೊರಬೀಳುತ್ತವೆ. ಡಂಪ್ ಇಂಡೆಕ್ಸ್‌ಗಳನ್ನು ಮುಟ್ಟುವುದಿಲ್ಲ, ಅವಕ್ಕೆ 14ನೇ ಆವೃತ್ತಿಯಿಂದ ಬಂದ ಪಿಜಿ ಆಮ್‌ಚೆಕ್ ಓಡಿಸಿ. ಆಮೇಲೆ ನಿಮ್ಮ ವ್ಯವಹಾರದ ಪ್ರಶ್ನೆ ಎರಡು ಮೂರು: ನಿನ್ನೆಯ ಆರ್ಡರ್‌ಗಳೆಷ್ಟು, ಅತಿ ದೊಡ್ಡ ಟೇಬಲಿನಲ್ಲಿ ಸಾಲುಗಳೆಷ್ಟು. ಹಿಡಿದ ಸಮಯ ಮತ್ತು ಕಳೆದುಹೋದ ಸೆಕೆಂಡುಗಳನ್ನು ಪ್ರೊಮೀಥಿಯಸ್‌ಗೆ ಕಳಿಸಿ, ಮಶೀನ್ ಅಳಿಸಿ. ಮೂರು ತಿಂಗಳ ಗ್ರಾಫ್ ಇದ್ದರೆ, ಡೇಟಾ ಬೆಳೆದ ಹಾಗೆ ರಿಸ್ಟೋರ್ ಎರಡು ಗಂಟೆಯಿಂದ ಮೂರಕ್ಕೆ ಜಾರುವುದು ಕಣ್ಣಿಗೆ ಕಾಣುತ್ತದೆ.

ಮೊದಲ ಡ್ರಿಲ್ ಬಹುಪಾಲು ಸೋಲುತ್ತದೆ, ಸೋಲುವ ಕಾರಣಗಳೂ ಹೆಚ್ಚುಕಡಿಮೆ ಇವೇ. ಚಿಕ್ಕ ಮಶೀನ್ ಎಂದು ಮ್ಯಾಕ್ಸ್ ಕನೆಕ್ಷನ್ಸ್ ಇಳಿಸಿರುತ್ತೀರಿ. ರಿಕವರಿಯಲ್ಲಿ ಅದು ಪ್ರೈಮರಿಯದಕ್ಕಿಂತ ಕಡಿಮೆ ಇರಬಾರದು, ಇದ್ದರೆ ಪೋಸ್ಟ್‌ಗ್ರೆಸ್ ಮುಂದೆ ಹೋಗುವುದಿಲ್ಲ. ಪ್ರೀಲೋಡ್ ಪಟ್ಟಿಯಲ್ಲಿರುವ ಲೈಬ್ರರಿ ಹೊಸ ಇಮೇಜಿನಲ್ಲಿ ಇರುವುದಿಲ್ಲ, ಸರ್ವರ್ ಏಳುವುದೇ ಇಲ್ಲ. ನಕ್ಷೆಯ ಡೇಟಾಗೆ ಬೇಕಾದ ಪೋಸ್ಟ್‌ಜಿಐಎಸ್ ಹಾಕಿರುವುದಿಲ್ಲ: ಇದು ಇನ್ನೂ ಕೆಟ್ಟದ್ದು, ಸರ್ವರ್ ಏಳುತ್ತದೆ, ಮೊದಲ ಮ್ಯಾಪ್ ಕ್ವೆರಿಗೆ ಒದ್ದಾಡುತ್ತದೆ. ಡಂಪ್‌ನಿಂದ ತರುವವರಿಗೆ ಬೇರೆ ಎರಡು: ಪಿಜಿ ಡಂಪ್‌ನಲ್ಲಿ ಯೂಸರ್‌ಗಳು, ರೋಲ್‌ಗಳು ಬರುವುದಿಲ್ಲ, ಅವನ್ನು ಪಿಜಿ ಡಂಪ್‌ಆಲ್‌ನಿಂದ ಗ್ಲೋಬಲ್ಸ್ ಆಯ್ಕೆ ಕೊಟ್ಟು ಬೇರೆ ತೆಗೆಯಬೇಕು. ಮತ್ತು 17ನೇ ಆವೃತ್ತಿವರೆಗೆ ಸ್ಟ್ಯಾಟಿಸ್ಟಿಕ್ಸ್ ಕೂಡ ಬರುವುದಿಲ್ಲ. ಆ ಅಂಕಿಅಂಶ ಕೂಡಿಸುವ ಅನಲೈಸ್ ಓಡಿಸದೆ ಟ್ರಾಫಿಕ್ ಬಿಟ್ಟರೆ, ಕ್ವೆರಿಗೆ ದಾರಿ ಆರಿಸುವ ಪ್ಲಾನರ್ ಕುರುಡಾಗಿ ಓಡುತ್ತದೆ, "ರಿಸ್ಟೋರ್ ಆಯ್ತು, ಆದರೆ ಸೈಟ್ ಸ್ಲೋ" ಎಂಬ ಎರಡನೇ ಇನ್ಸಿಡೆಂಟ್ ಶುರುವಾಗುತ್ತದೆ.

ಎಲ್ಲಕ್ಕಿಂತ ಸದ್ದಿಲ್ಲದ್ದು ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ. ಅದರ 2.28ನೇ ಆವೃತ್ತಿಯಲ್ಲಿ ಅಕ್ಷರಗಳ ವಿಂಗಡಣೆಯ ಕ್ರಮ ಬದಲಾಯಿತು. ಹಳೆಯ ಓಎಸ್‌ನಲ್ಲಿ ತೆಗೆದ ಫಿಸಿಕಲ್ (ಡೇಟಾ ಫೈಲುಗಳನ್ನೇ ಕಾಪಿ ಮಾಡಿದ) ಬ್ಯಾಕಪ್ಪನ್ನು ಹೊಸ ಓಎಸ್ ಮೇಲೆ ಎಬ್ಬಿಸಿದರೆ, ಉದಾಹರಣೆಗೆ ಡೆಬಿಯನ್ 9ರದನ್ನು 10ರ ಮೇಲೆ, ಪಠ್ಯದ ಇಂಡೆಕ್ಸ್‌ಗಳು ಹಳೆಯ ಕ್ರಮದಲ್ಲೇ ಇರುತ್ತವೆ. ಎರರ್ ಬರುವುದಿಲ್ಲ. ಇರುವ ಸಾಲು ಹುಡುಕಿದರೆ ಸಿಗುವುದಿಲ್ಲ, ಯುನೀಕ್ ಇರಬೇಕಾದ ಕಡೆ ಎರಡು ಸೇರಿಕೊಳ್ಳುತ್ತವೆ. ಅದೇ ಓಎಸ್ ಆವೃತ್ತಿ ಬಳಸಿ, ಇಲ್ಲವೇ ರೀಇಂಡೆಕ್ಸ್ ಮಾಡಿ.

ಕೈಗಳ ವಿಷಯ ಚುಟುಕಾಗಿ. ಪ್ರೊಡಕ್ಷನ್ ಪ್ರೈಮರಿಯ ಪ್ರಾಂಪ್ಟ್ ಕೆಂಪು, ಮಿಕ್ಕವು ಹಸಿರು. ಗಿಟ್‌ಲ್ಯಾಬ್‌ನ ಸುಧಾರಣೆಗಳ ಪಟ್ಟಿಯಲ್ಲೂ ಹೋಸ್ಟ್‌ಗಳ ಪ್ರಾಂಪ್ಟ್ ಬೇರೆ ಬೇರೆ ಕಾಣುವಂತೆ ಮಾಡುವುದಿತ್ತು. ಡೇಟಾ ಡೈರೆಕ್ಟರಿಯನ್ನು ರನ್‌ಬುಕ್ಕಿನಲ್ಲಿ ಎಲ್ಲೂ ಅಳಿಸಬೇಡಿ, ತಾರೀಕು ಸೇರಿಸಿ ಹೆಸರು ಬದಲಿಸಿ, ಅದಕ್ಕೆ ಬೇಕಾದಷ್ಟು ಡಿಸ್ಕ್ ಇಟ್ಟುಕೊಳ್ಳಿ. ತಪ್ಪು ಮಶೀನಿನಲ್ಲಿ ಹೆಸರು ಬದಲಿಸಿದರೂ ಸೇವೆ ಬೀಳುತ್ತದೆ, ಆದರೆ ಡೇಟಾ ಅಲ್ಲೇ ಇರುತ್ತದೆ. ಬೇಸ್‌ಬ್ಯಾಕಪ್ ಓಡಿಸುವ ಸಾಲಿನಲ್ಲಿ ಪ್ರೋಗ್ರೆಸ್, ವರ್ಬೋಸ್ ಮತ್ತು ಚೆಕ್‌ಪಾಯಿಂಟ್ ಫಾಸ್ಟ್ ಮೂರನ್ನೂ ಬರೆದಿಡಿ. ಇಲ್ಲದಿದ್ದರೆ ಅದು ಮುಂದಿನ ಚೆಕ್‌ಪಾಯಿಂಟ್ (ಮೆಮೊರಿಯ ಬದಲಾವಣೆಗಳನ್ನು ಡಿಸ್ಕಿಗೆ ಬರೆಯುವ ಹಂತ) ನಿಧಾನವಾಗಿ ಮುಗಿಯಲಿ ಎಂದು ನಿಮಿಷಗಟ್ಟಲೆ ಬಾಯಿ ಮುಚ್ಚಿ ಕೂರಬಹುದು.

ಪ್ರಶ್ನೋತ್ತರ

ಅಮೆಜಾನೇ ನಡೆಸಿಕೊಡುವ ಡೇಟಾಬೇಸ್ ಸೇವೆ ಆರ್‌ಡಿಎಸ್ ಬಳಸುತ್ತೇವೆ, ನಮಗೂ ಡ್ರಿಲ್ ಬೇಕಾ?

ಬೇಕು. ಅಲ್ಲಿ ರಿಸ್ಟೋರ್ ಎಂದರೆ ಹೊಸ ಇನ್‌ಸ್ಟೆನ್ಸ್, ಹೊಸ ಎಂಡ್‌ಪಾಯಿಂಟ್. ನಿಮ್ಮ ಅಪ್ಲಿಕೇಶನ್‌ಗಳ ಕಾನ್ಫಿಗ್‌ನಲ್ಲಿ ಹಳೆಯ ವಿಳಾಸ ಎಷ್ಟು ಕಡೆ ಅಚ್ಚಾಗಿದೆ ಎಂದು ಆಗಲೇ ಗೊತ್ತಾಗುವುದು. ಸ್ನ್ಯಾಪ್‌ಶಾಟ್‌ನಿಂದ ಎದ್ದ ಡಿಸ್ಕ್ ಡೇಟಾವನ್ನು ಕೇಳಿದಾಗ ಮಾತ್ರ ಹಿಂದಿನಿಂದ ಎಳೆದುಕೊಳ್ಳುತ್ತದೆ, ಆದ್ದರಿಂದ "ಅವೈಲಬಲ್" ಎಂದು ತೋರಿಸಿದ ಮೇಲೂ ಮೊದಲ ಓದುಗಳು ತೀರಾ ನಿಧಾನ. ಆಟೊಮೇಟೆಡ್ ಬ್ಯಾಕಪ್ ಗರಿಷ್ಠ 35 ದಿನ ಮಾತ್ರ. ಇನ್‌ಸ್ಟೆನ್ಸ್ ಅಳಿಸುವಾಗ ಉಳಿಸಿಕೊಳ್ಳಿ ಎಂದು ಹೇಳದಿದ್ದರೆ ಅವೂ ಅದರ ಜೊತೆಗೇ ಹೋಗುತ್ತವೆ.

ರೆಪ್ಲಿಕಾ ಮೂರು ಇವೆಯಲ್ಲ?

ತಪ್ಪು ಡಿಲೀಟ್ ಮೂರಕ್ಕೂ ಸೆಕೆಂಡಿನೊಳಗೆ ತಲುಪುತ್ತದೆ. ಒಂದನ್ನು ಬೇಕಂತಲೇ ನಾಲ್ಕು ಗಂಟೆ ಹಿಂದೆ ಇಡಿ, ರಿಕವರಿ ಮಿನ್ ಅಪ್ಲೈ ಡಿಲೇ ಎಂಬ ಸೆಟ್ಟಿಂಗ್ ಇದೆ. ವಾಲ್ ಕೂಡಲೇ ಬಂದು ಕೂರುತ್ತದೆ, ರೀಪ್ಲೇ ಮಾತ್ರ ತಡ, ನಾಲ್ಕು ಗಂಟೆಯ ವಾಲ್‌ಗೆ ಡಿಸ್ಕ್ ಜಾಗ ಲೆಕ್ಕ ಹಾಕಿ. ನಾಲ್ಕು ಗಂಟೆಯೊಳಗೆ ತಪ್ಪು ಗೊತ್ತಾದರೆ ಇದಕ್ಕಿಂತ ವೇಗದ ದಾರಿಯಿಲ್ಲ. ಐದನೇ ಗಂಟೆಗೆ ಗೊತ್ತಾದರೆ ಇದೂ ಮಾಮೂಲಿ ರೆಪ್ಲಿಕಾ.

ಡೇಟಾಬೇಸ್ 5 ಟಿಬಿ. ವಾರಕ್ಕೊಮ್ಮೆ ಖರ್ಚು ಯಾರು ಕೊಡುತ್ತಾರೆ?

ತಿಂಗಳಿಗೊಮ್ಮೆ ಪೂರ್ತಿ ಮಾಡಿ. ಮಶೀನ್ ಅರ್ಧ ದಿನ ಬದುಕುತ್ತದೆ, ಸ್ಪಾಟ್ ಇನ್‌ಸ್ಟೆನ್ಸ್ (ಯಾವಾಗ ಬೇಕಾದರೂ ವಾಪಸ್ ಪಡೆಯಬಹುದಾದ ಅಗ್ಗದ ಮಶೀನ್) ಸಾಕು, ಮಧ್ಯೆ ಕಿತ್ತುಕೊಂಡರೆ ಮತ್ತೆ ಓಡಿಸಿ. ಬೇರೆ ರೀಜನ್‌ನಿಂದ ಎಳೆಯುವ ಡೇಟಾದ ಬಿಲ್ ಮಶೀನ್‌ಗಿಂತ ಹೆಚ್ಚಾಗಬಹುದು, ಆದ್ದರಿಂದ ಬಕೆಟ್ ಇರುವ ರೀಜನ್‌ನಲ್ಲೇ ಮಶೀನ್ ಎಬ್ಬಿಸಿ. ನಡುವಿನ ವಾರಗಳಲ್ಲಿ ಬ್ಯಾಕಪ್ ಫೈಲುಗಳ ಚೆಕ್‌ಸಮ್ ಪರಿಶೀಲನೆಯಾದರೂ ಇರಲಿ, ಅದು ರಿಸ್ಟೋರ್‌ಗೆ ಸಮ ಎಂದು ಮಾತ್ರ ಬರೆದುಕೊಳ್ಳಬೇಡಿ.

ಬ್ಯಾಕಪ್ ಎನ್‌ಕ್ರಿಪ್ಟ್ ಮಾಡಿದ್ದೇವೆ. ಪಾಸ್‌ಫ್ರೇಸ್ ಎಲ್ಲಿಡುವುದು?

ಇದನ್ನು ಕೇಳಿದ್ದು ಒಳ್ಳೆಯದಾಯಿತು. ಹಲವು ಕಡೆ ಅದು ಗುಟ್ಟಿನ ಕೀಗಳನ್ನು ಇಡುವ ಸಾಫ್ಟ್‌ವೇರ್ ವಾಲ್ಟ್‌ನಲ್ಲಿರುತ್ತದೆ, ವಾಲ್ಟ್‌ನ ಸ್ಟೋರೇಜ್ ಅದೇ ಪೋಸ್ಟ್‌ಗ್ರೆಸ್ ಆಗಿರುತ್ತದೆ. ಅಥವಾ ವಾಲ್ಟ್‌ಗೆ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಒ (ಎಲ್ಲದಕ್ಕೂ ಒಂದೇ ಲಾಗಿನ್ ವ್ಯವಸ್ಥೆ) ಆ ಡೇಟಾಬೇಸ್ ಮೇಲೆ ನಿಂತಿರುತ್ತದೆ. ಕಾಗದದ ಮೇಲೆ ಮುದ್ರಿಸಿ, ಎರಡು ಲಕೋಟೆಯಲ್ಲಿ ಸೀಲ್ ಮಾಡಿ, ಎರಡು ಕಟ್ಟಡಗಳ ಸೇಫ್‌ನಲ್ಲಿ ಇಡಿ. ಪಾಸ್‌ಫ್ರೇಸ್ ಬದಲಿಸಿದರೆ ಹಳೆಯ ಲಕೋಟೆಯನ್ನು ಎಸೆಯಬೇಡಿ, ಹಳೆಯ ಬ್ಯಾಕಪ್‌ಗಳು ಹಳೆಯದರಿಂದಲೇ ತೆರೆಯುತ್ತವೆ, ಅವುಗಳ ಅವಧಿ ಮುಗಿಯುವವರೆಗೂ ಅದು ಬೇಕು. ಮೂರು ತಿಂಗಳಿಗೊಮ್ಮೆ ಒಂದು ಡ್ರಿಲ್ಲನ್ನು ವಾಲ್ಟ್ ಮುಟ್ಟದೆ ಲಕೋಟೆ ಒಡೆದೇ ಮಾಡಿ. ಮುದ್ರಿಸುವಾಗ ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ವ್ಯತ್ಯಾಸ ಕಾಣುವ ಫಾಂಟ್ ಬಳಸಿ.